ಜಿರಾಫೆಗೊಬ್ಬ ಸಾಕ್ಷಿ

ನಲವತ್ತು ವರ್ಷಗಳ ಹಿಂದೆ, ಒಂದು ಮಟಮಟ ಮಧ್ಯಾಹ್ನ, ಜಿರಾಫೆಯೊಂದು ನಗರಸಭೆಯ ಕಚೇರಿಯ ಮಹಡಿಯ ಕಿಟಕಿಯೊಳಗೆ ತಲೆ ಹಾಕಿತು. ಅದನ್ನು ಕಂಡವರು ಹಲವರಿರಬಹುದು; ಕ್ಯಾಮೆರಾದಲ್ಲಿ ಹಿಡಿದವರು ಒಬ್ಬರೇ.

ಈಗ ಊರಿಗೆಲ್ಲ ಫೋಟೋ ತಾತ ಎನಿಸಿಕೊಂಡಿರುವ ಅವರು ಆಗ ಪತ್ರಿಕೆಯೊಂದರಲ್ಲಿ ಎಲ್ಲರಿಗಿಂತ ಕಿರಿಯ ಫೋಟೋಗ್ರಾಫರ್. ಅಂದು ಬೆಳಗ್ಗೆ ಹೊಸ ಚರಂಡಿಯೊಂದರ ಉದ್ಘಾಟನೆಗೆ ಹೋಗಿದ್ದರು. ಅಧ್ಯಕ್ಷರು ಕ್ಯಾಮೆರಾ ಕಂಡೊಡನೆ ಕಣ್ಣು ಮುಚ್ಚುವ ಸ್ವಭಾವದವರಾದ್ದರಿಂದ, ಅವರ ಕಣ್ಣು ತೆರೆದ ಒಂದು ಗಳಿಗೆಯನ್ನು ಹಿಡಿಯುವಷ್ಟರಲ್ಲಿ ರೀಲು ಬಹುಪಾಲು ಸವೆದು, ಕೊನೆಯ ಒಂದೇ ಒಂದು ಚಿತ್ರಕ್ಕೆ ಜಾಗ ಉಳಿದಿತ್ತು. ಹಿಂತಿರುಗುವ ಹಾದಿಯಲ್ಲಿ ವಾಹನಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ನಿಂತುಬಿಟ್ಟಿದ್ದವು. ಆ ಗದ್ದಲದ ನಡುವೆ ಮೃಗಾಲಯದ ತೆರೆದ ಲಾರಿ, ಲಾರಿಯಲ್ಲಿ ಜಿರಾಫೆ, ಜಿರಾಫೆಯ ತಲೆಯ ಮಟ್ಟಕ್ಕೆ ಸರಿಯಾಗಿ ನಗರಸಭೆಯ ಕಿಟಕಿ.

ಎದುರಿಗಿದ್ದ ದರ್ಜಿಯ ಅಂಗಡಿಯ ತಾರಸಿ ಏರಿದರೆ ಚಿತ್ರ ಸಿಗುತ್ತದೆಂದು ಅವರಿಗೆ ಹೊಳೆಯಿತು. ತಾರಸಿಯ ಮೆಟ್ಟಿಲಿಗೆ ಬೀಗ. ಬೀಗದ ಕೈ ಊಟಕ್ಕೆ ಹೋದ ದರ್ಜಿಯ ಜೇಬಿನಲ್ಲಿ. ಕ್ಯಾಮೆರಾದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ನೀರಿನ ಕೊಳವೆಯನ್ನು ತಬ್ಬಿಕೊಂಡು ಏರಿದರು. ದರ್ಜಿಯ ಅಂಗಡಿಯ ಗೋಡೆಯ ಮೇಲೆಯೇ ಪ್ಯಾಂಟು ಹರಿದದ್ದು ವಿಧಿಯ ವಿನೋದ. ಮೇಲೆ ಹೋದ ಮೇಲೂ ಕಷ್ಟ ಮುಗಿಯಲಿಲ್ಲ. ಜಿರಾಫೆ ತಲೆ ಹಾಕಿದಾಗ ಕಿಟಕಿಯ ಬಳಿಯ ಗುಮಾಸ್ತರು ಬಗ್ಗಿ ಡ್ರಾಯರ್ ತಡಕುತ್ತಿದ್ದರು. ಗುಮಾಸ್ತರು ನೆಟ್ಟಗೆ ಕುಳಿತಾಗ ಜಿರಾಫೆ ಕೊರಳನ್ನು ಹಿಂದಕ್ಕೆ ಎಳೆದುಕೊಂಡಿತ್ತು. ಕೆಳಗೆ ಹಾರ್ನುಗಳ ಹುಯ್ಯಲು. ಲಾರಿ ಯಾವ ಗಳಿಗೆಯಲ್ಲಾದರೂ ಹೊರಡಬಹುದು. ಅವರು ಉಸಿರು ಬಿಗಿಹಿಡಿದು ಕಾದರು. ಕಟ್ಟಕಡೆಗೆ ಎರಡೂ ಕೂಡಿಬಂದವು: ಜಿರಾಫೆಯ ಮೂತಿ ಮೇಜಿನ ತನಕ ಬಂತು, ಗುಮಾಸ್ತರು ಕಾಗದದಿಂದ ಕಣ್ಣೆತ್ತದೆ ಪೆನ್ನು ಹಿಡಿದ ಕೈಯನ್ನು ಎತ್ತಿ ಬಾಗಿಲಿನ ಕಡೆಗೆ ತೋರಿಸಿದರು. “ನಾಳೆ ಬನ್ನಿ” ಎಂಬ ಆ ಕೈಸನ್ನೆಯನ್ನು ಊರಿನಲ್ಲಿ ಅರಿಯದವರಿರಲಿಲ್ಲ. ಕ್ಯಾಮೆರಾ ಕ್ಲಿಕ್ ಎಂದಿತು.

ಮರುದಿನ ಮುಖಪುಟದಲ್ಲಿ ಚಿತ್ರ ಬಂತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗುಮಾಸ್ತರಿಗೆ ‘ನಾಳೆಬನ್ನಿ’ ಎಂಬ ಹೆಸರು ಅಂಟಿತು; ಎಷ್ಟು ಉಜ್ಜಿದರೂ ಹೋಗಲಿಲ್ಲ. ಮುಂದೆ ಪತ್ರಿಕೆಯೂ ಮುಚ್ಚಿತು, ಅಲ್ಲಿದ್ದ ನೆಗೆಟಿವ್‌ಗಳೂ ಗುಜರಿ ಸೇರಿದವು. ಉಳಿದದ್ದು ಪತ್ರಿಕೆಯಿಂದ ಕತ್ತರಿಸಿ ಚೌಕಟ್ಟು ಹಾಕಿಸಿದ ಒಂದು ಚಿತ್ರ, ಅದರ ಹಿಂದಿನ ಕಥೆ, ಮತ್ತು ಆ ಕಥೆಯನ್ನು ಕೇಳದೆ ತುತ್ತು ನುಂಗದಿದ್ದ ಒಬ್ಬ ಮೊಮ್ಮಗಳು.

ಆ ಮೊಮ್ಮಗಳು ಎಂಟನೆಯ ತರಗತಿಗೆ ಬಂದ ವರ್ಷ, ಒಂದು ಸಂಜೆ ಶಾಲೆಯ ಚೀಲ ಇಳಿಸುತ್ತ ಹೇಳಿದಳು: “ತಾತ, ನಿನ್ನ ಜಿರಾಫೆ ಸುಳ್ಳಂತೆ.”

ತಾತ ಓದುತ್ತಿದ್ದ ಪತ್ರಿಕೆಯನ್ನು ಮಡಿಲಿಗಿಳಿಸಿದರು. “ಯಾರು ಹೇಳಿದ್ದು?”

“ಇಡೀ ಕ್ಲಾಸು. ಮೇಷ್ಟ್ರು ಕೈ ಎತ್ತಿಸಿ ಕೇಳಿದ್ರು. ಎಲ್ಲರೂ ಸುಳ್ಳು ಅನ್ನೋ ಕಡೆಗೇ ಎತ್ತಿದ್ರು.”

“ನೀನು?”

ಮೊಮ್ಮಗಳು ಬೂಟಿನ ದಾರವನ್ನು ಹಿಂದೆಂದೂ ಇಲ್ಲದ ಶ್ರದ್ಧೆಯಿಂದ ಬಿಚ್ಚತೊಡಗಿದಳು. “ನಾನು ಎತ್ತಲಿಲ್ಲ.”

“ಯಾವ ಕಡೆಗೂ?”

“ಯಾವ ಕಡೆಗೂ.”

ವಿಷಯ ಹೀಗಿತ್ತು. ಫೋನಿನಲ್ಲಿಯೂ ಪತ್ರಿಕೆಯಲ್ಲಿಯೂ ಬರುವುದನ್ನು ತೂಗಿ ನೋಡುವುದು ಹೇಗೆಂದು ಕಲಿಸುವ ಹೊಸ ಪಾಠವೊಂದು ಶಾಲೆಯಲ್ಲಿ ಶುರುವಾಗಿತ್ತು. ಕಲಿಸುವವರು ಕಡ್ಡಿಯಂತಹ ಒಬ್ಬ ತರುಣ. ಮಕ್ಕಳ ಬಾಯಲ್ಲಿ ಸುದ್ದಿ ಮೇಷ್ಟ್ರು. ಫೋನಿಗೆ ಬಂದ ಚಿತ್ರಗಳನ್ನು ಗೋಡೆಯ ಮೇಲೆ ಮೂಡಿಸಿ, ಇದು ನಿಜವೋ ಸುಳ್ಳೋ, ಏಕೆ ಎಂದು ಕೇಳುವುದು ಅವರ ಕ್ರಮ. ಆ ವಾರದ ಚಿತ್ರಗಳಲ್ಲಿ ತಾತನ ಜಿರಾಫೆಯೂ ಇತ್ತು. ಅದರಡಿಯಲ್ಲಿ ಯಾರೋ ಪುಣ್ಯಾತ್ಮರು ‘ಕಂಪ್ಯೂಟರ್ ತಾನಾಗಿ ಬರೆದ ಚಿತ್ರ, ಹತ್ತು ಜನರಿಗೆ ಕಳಿಸಿ’ ಎಂದು ಒಕ್ಕಣೆ ಜೋಡಿಸಿದ್ದರು.

“ಇದು ನಮ್ಮ ತಾತ ತೆಗೆದದ್ದು ಅಂತ ಹೇಳಲಿಲ್ವಾ ನೀನು?”

“ಹೇಳಿದೆ. ತಾತ ಹೇಳಿದ್ರು ಅನ್ನೋದು ಪುರಾವೆ ಅಲ್ಲಮ್ಮ, ಅದು ಪ್ರೀತಿ ಅಂದ್ರು ಮೇಷ್ಟ್ರು. ಪುರಾವೆ ತಾ, ನಾನೇ ಮೊದಲು ಕೈ ಎತ್ತುತೀನಿ ಅಂದ್ರು.” ಆಕೆ ಗೋಡೆಯಿಂದ ಚಿತ್ರವನ್ನು ಇಳಿಸಿ ತಾತನ ಮುಂದೆ ಹಿಡಿದಳು. “ಹಳೇ ಪತ್ರಿಕೆ ಥರ ಕಾಗದ ಅಚ್ಚು ಹಾಕಿಸೋದೂ ಈಗ ಸುಲಭ, ಇದರಲ್ಲಿ ತಾರೀಖೂ ಉಳಿದಿಲ್ಲ. ನೀನೇ ನೋಡು. ಗುಮಾಸ್ತರ ಪೆನ್ನು ಎಡಗೈಯಲ್ಲಿದೆ. ವಾಚು ಬಲಗೈಯಲ್ಲಿದೆ. ಅಂಗಿಯ ಜೇಬು ಬಲಗಡೆಗಿದೆ. ಬಲಗಡೆ ಜೇಬಿರೋ ಅಂಗಿ ನೀನೆಲ್ಲಾದ್ರೂ ನೋಡಿದ್ದೀಯಾ? ಕಂಪ್ಯೂಟರ್ ಇಂಥ ಕಡೆಯೇ ಎಡವೋದು ಅಂತ ನಮ್ಮ ಕ್ಲಾಸಿನವರ ವಾದ.”

ತಾತ ಕನ್ನಡಕ ಏರಿಸಿ ನೋಡಿದರು. ಆಮೇಲೆ ತಮ್ಮ ಅಂಗಿಯ ಜೇಬನ್ನು ನೋಡಿಕೊಂಡರು. ಅದು ಎಡಗಡೆಗೇ ಇತ್ತು. ನಲವತ್ತು ವರ್ಷ ಕಣ್ಣೆದುರಿಗೇ ನೇತುಬಿದ್ದಿದ್ದ ಚಿತ್ರ. ಆದರೆ ದಿನಾ ಕಾಣುವ ಮುಖದ ಮಚ್ಚೆ ಯಾವ ಕೆನ್ನೆಯ ಮೇಲಿದೆಯೆಂದು ಯಾರು ತಾನೇ ಲೆಕ್ಕವಿಟ್ಟಾರು?

“ಆ ಗುಮಾಸ್ತರಿಗೆ ಎಡಗೈ ರೂಢಿ ಇದ್ದಿರಬೇಕು,” ಎಂದರು.

“ಇದ್ದಿರಬೇಕೋ, ಇತ್ತೋ? ಗೊತ್ತಿರೋದು ಬೇರೆ, ಅನ್ನಿಸೋದು ಬೇರೆ ತಾತ.”

ಅಡುಗೆಮನೆಯಿಂದ ಸೊಸೆಯ ದನಿ ಬಂತು: “ಮಾವ, ಅವಳ ಜೊತೆ ವಾದಕ್ಕಿಳೀಬೇಡಿ. ಬೆಳಗ್ಗೆ ಹಾಲು ಒಡೆದಿದೆ ಕಣೆ ಅಂದ್ರೆ, ಈ ಸುದ್ದಿಯ ಮೂಲ ಯಾವುದು ಅಂತ ನನ್ನನ್ನೇ ಕೇಳಿದ್ಲು.”

“ಅಲ್ಲ ಕಣೇ, ನಾನು ಕಣ್ಣಾರೆ ಕಂಡಿದ್ದೀನಿ,” ಎಂದರು ತಾತ.

“ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನೇ ಅಲ್ವಾ ಹೇಳಿಕೊಟ್ಟಿದ್ದು? ಚಿತ್ರ ನಿಂದು, ಸಾಕ್ಷಿನೂ ನೀನೇ ಆದ್ರೆ ಹೇಗೆ? ನಿನಗೆ ಸಂಬಂಧ ಇಲ್ಲದೋರು ಇನ್ನೊಬ್ರು ಬೇಕು.”

ಕಲಿಸಿದ ಗಾದೆಯೇ ತಿರುಗಿ ಬಂದು ಕಚ್ಚಿತು. ಆದರೆ ತಾತನನ್ನು ನೋಯಿಸಿದ್ದು ಗಾದೆಯಲ್ಲ. ರಾತ್ರಿಯ ಊಟಕ್ಕೆ ಕುಳಿತಾಗ, ತಟ್ಟೆಯ ಮುಂದೆ ಅವರು ಎಂದಿನಂತೆ ಗಂಟಲು ಸರಿಪಡಿಸಿಕೊಂಡು, “ಆವತ್ತು ಚರಂಡಿ ಉದ್ಘಾಟನೆ ಮುಗಿಸಿ ಬರ್ತಾ ಇದ್ದೆ...” ಎಂದು ಆರಂಭಿಸಿದರು. ಮೊಮ್ಮಗಳು ಮೆಲ್ಲಗೆ, “ಆಮೇಲೆ ಹೇಳು ತಾತ,” ಎಂದಳು. ಸಿಟ್ಟಿಲ್ಲ, ಕುಚೋದ್ಯವಿಲ್ಲ. ಅಷ್ಟು ಮರ್ಯಾದೆಯಿಂದ ಆಕೆ ಅವರೊಡನೆ ಹಿಂದೆಂದೂ ಮಾತಾಡಿರಲಿಲ್ಲ. ಊರೆಲ್ಲ ಸುಳ್ಳೆಂದರೂ ತಾತ ಲೆಕ್ಕಿಸುತ್ತಿರಲಿಲ್ಲ. ಈ ಒಬ್ಬಳ ‘ಆಮೇಲೆ’ ಮಾತ್ರ ಚಪ್ಪಲಿಯೊಳಗಿನ ಮರಳಿನಂತೆ ಒತ್ತತೊಡಗಿತು.

ಎರಡು ದಿನ ಕಳೆದ ಮೇಲೆ ಮೊಮ್ಮಗಳು ಓಡುತ್ತ ಬಂದು ಹೇಳಿದಳು: “ಇನ್ನೊಬ್ಬ ಸಾಕ್ಷಿ ಸಿಕ್ಕಿದ್ರು. ಅವತ್ತು ಜಿರಾಫೆಗೆ ಎಲ್ಲರಿಗಿಂತ ಹತ್ತಿರ ಇದ್ದೋರು. ನಾಳೆ ನಮ್ಮ ಕ್ಲಾಸಿಗೇ ಬರ್ತಾರಂತೆ. ನೀನೂ ಬರಬೇಕು.”

ತಾತನಿಗೆ ಅನುಮಾನ ಬಂತು. “ಯಾರದು?”

“ಚಿತ್ರದಲ್ಲಿರೋ ಗುಮಾಸ್ತರು.”

ಆ ಗುಮಾಸ್ತರು ನಲವತ್ತು ವರ್ಷದಿಂದ ಅವರನ್ನು ಕಂಡರೆ ರಸ್ತೆ ದಾಟಿ ಆಚೆಯ ಬದಿಗೆ ಹೋಗುವವರು. ಜಿರಾಫೆ ಬಂದೇ ಇರಲಿಲ್ಲವೆಂದು ಊರ ಮುಂದೆ ಆಣೆಯಿಟ್ಟು ಹೇಳುವವರು. “ಮಗಳೇ, ನರಿಯನ್ನು ಕರೆದು ಕೋಳಿ ಎಣಿಸು ಅಂದ ಹಾಗಾಯ್ತು. ಅವರು ನನಗಾಗಿ ಒಳ್ಳೆ ಮಾತು ಹೇಳ್ತಾರಾ?”

“ಅದಕ್ಕೇ ಕರೆದದ್ದು. ಅವರಿಗೆ ನಿನ್ನ ಮೇಲೆ ಪ್ರೀತಿ ಇಲ್ಲ.”

ಸೊಸೆ ಸೌಟು ಹಿಡಿದುಕೊಂಡೇ ಹೊರಬಂದು, “ಈ ಒಂದು ವಿಷಯಕ್ಕೆ ಪುರಾವೆ ಬೇಕಿಲ್ಲ ಬಿಡಿ ಮಾವ,” ಎಂದು ಒಳಗೆ ಹೋದಳು.

ಗುಮಾಸ್ತರು ತರಗತಿಗೆ ಬಂದದ್ದು ಮದುವೆಯ ಮನೆಗೆ ಬರುವವರಂತೆ: ಒಗೆದು ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಮುಖದಲ್ಲಿ ನಲವತ್ತು ವರ್ಷ ಕಾಯ್ದಿಟ್ಟ ಕಳೆ. ಹಿಂದಿನ ಬೆಂಚಿನಲ್ಲಿ, ಮೊಣಕಾಲು ಹಿಡಿಸದ ಇಕ್ಕಟ್ಟಿನಲ್ಲಿ, ತಾತ ಕುಳಿತಿದ್ದರು.

“ಏನ್ರೀ ಫೋಟೋದವರೇ, ಕಡೆಗೂ ಹಿಂದಿನ ಬೆಂಚಿಗೆ ಬಂದ್ರಿ,” ಎಂದರು ಗುಮಾಸ್ತರು.

“ನೀವು ಇವತ್ತೇ ಬಂದಿರಲ್ಲ, ನಾಳೆ ಬರ್ತೀರೇನೋ ಅಂದ್ಕೊಂಡಿದ್ದೆ,” ಎಂದರು ತಾತ.

ಮೇಷ್ಟ್ರು ನಡುವೆ ಬಂದರು. ಅವರು ಇಬ್ಬರಿಗೂ ಸಮನಾಗಿ ತಲೆಬಾಗಿಸಿ, ಗೋಡೆಯ ಮೇಲೆ ಚಿತ್ರ ಮೂಡಿಸಿ, ಕಪ್ಪುಹಲಗೆಯ ಮೇಲೆ ಬರೆದರು: ಹೇಳುವವರು ಯಾರು? ಅವರಿಗೆ ಹೇಗೆ ಗೊತ್ತು? ಬೇರೆ ಯಾರು ಹೇಳುತ್ತಾರೆ? ತಾತನಿಗೆ ಆ ತರುಣನ ಅಕ್ಷರ ಮೆಚ್ಚುಗೆಯಾಯಿತು, ಪ್ರಶ್ನೆಗಳು ಆಗಲಿಲ್ಲ.

ಗುಮಾಸ್ತರು ಗೋಡೆಗೆ ಬೆನ್ನು ಹಾಕಿ ನಿಂತರು. ಆ ಚಿತ್ರವನ್ನು ಹಾಳು ಮುಖವೆಂದು ಅವರು ಇಷ್ಟು ವರ್ಷವೂ ಕಣ್ಣೆತ್ತಿ ನೋಡಿದವರಲ್ಲ, ಇಂದೂ ನೋಡಲಿಲ್ಲ. “ಮಕ್ಕಳೇ, ಆ ಮೇಜಿನ ಮುಂದೆ ಕೂತಿದ್ದವನು ನಾನು. ಜಿರಾಫೆ ಬಂದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ಅದೇನು ಸೊಳ್ಳೆಯಾ? ಜಿರಾಫೆ ಬಂದಿಲ್ಲ. ಅದೂ ಅಲ್ಲದೆ, ನಾನು ಬರೆಯೋದು ಬಲಗೈಯಲ್ಲಿ. ಚಿತ್ರದಲ್ಲಿ ಎಡಗೈ ಇದೆಯಂತಲ್ಲ. ನೋಡ್ಕೊಳ್ಳಿ.” ಸೀಮೆಸುಣ್ಣ ಎತ್ತಿಕೊಂಡು ಕಪ್ಪುಹಲಗೆಯ ಮೇಲೆ ಬಲಗೈಯಿಂದ ದೊಡ್ಡದಾಗಿ ಸಹಿ ಹಾಕಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಹುಡುಗಿಯೊಬ್ಬಳು ಎದ್ದು, ತಾನು ದಿನಾ ಆ ಕಚೇರಿಯ ಮುಂದೆಯೇ ಬರುವುದೆಂದೂ, ಮಳೆನೀರಿನ ಕೊಳವೆ ಕಿಟಕಿಯ ಬಲಕ್ಕಿದೆಯೆಂದೂ, ಚಿತ್ರದಲ್ಲಿ ಅದು ಎಡಕ್ಕಿದೆಯೆಂದೂ ಹೇಳಿದಳು. “ನೀನು ನೆನಪಿನಿಂದ ಹೇಳ್ತಿದ್ದೀಯೋ, ನೋಡಿ ಹೇಳ್ತಿದ್ದೀಯೋ?” ಎಂದರು ಮೇಷ್ಟ್ರು. ಕಚೇರಿ ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದುದರಿಂದ ತರಗತಿಗೆ ತರಗತಿಯೇ ಹೊರಟಿತು. ಮಕ್ಕಳು ಬೀದಿಯಲ್ಲಿ ಕತ್ತೆತ್ತಿ ನಿಂತದ್ದನ್ನು ಕಂಡು ದಾರಿಹೋಕರೂ ಕತ್ತೆತ್ತಿದರು; ಮೇಲೆ ಏನಿದೆಯೆಂದು ಅವರಿಗೆ ತಿಳಿಯದಿದ್ದರೂ ಒಬ್ಬರು ಫೋನ್ ತೆಗೆದು ಫೋಟೋ ಹಿಡಿದೇಬಿಟ್ಟರು. ಕೊಳವೆ ಬಲಕ್ಕೇ ಇತ್ತು.

ತರಗತಿಗೆ ಮರಳುವಾಗ ತಾತನ ಹೆಜ್ಜೆ ಹಿಂದೆ ಬಿದ್ದಿತ್ತು. ಕೈ ಎಡವಟ್ಟು, ವಾಚು ಎಡವಟ್ಟು, ಜೇಬು ಎಡವಟ್ಟು, ಈಗ ಗೋಡೆಯ ಕೊಳವೆಯೂ ತಿರುಗಿಬಿದ್ದಿತ್ತು. ಏರುವಾಗ ತಬ್ಬಿಕೊಂಡ ಕೊಳವೆ, ಹರಿದ ಪ್ಯಾಂಟು, ಎಲ್ಲವೂ ತಾವೇ ಕಟ್ಟಿಕೊಂಡ ಕನಸೇನೋ ಎಂಬ ಗುಮಾನಿ ಒಂದು ಗಳಿಗೆ ಅವರ ಮನಸ್ಸಿನಲ್ಲೂ ಸುಳಿದುಹೋಯಿತು. ಗುಮಾಸ್ತರು ಮಾತ್ರ ಇಪ್ಪತ್ತರ ಹುಡುಗನಂತೆ ಮೆಟ್ಟಿಲೇರಿದರು.

“ಸರಿ, ಈಗ ಕೈ ಎತ್ತೋಣವಾ?” ಎಂದರು ಮೇಷ್ಟ್ರು.

“ಸ್ವಲ್ಪ ತಾಳಿ ಸಾರ್,” ಎಂದು ಮೊಮ್ಮಗಳು ಎದ್ದಳು. ಹುಬ್ಬು ಗಂಟಿಕ್ಕಿತ್ತು. “ಕಂಪ್ಯೂಟರ್ ಎಡವೋದು ಹೇಗೆ? ಇಲ್ಲೊಂದು ಬೆರಳು ಹೆಚ್ಚು, ಅಲ್ಲೊಂದು ಕಿವಿ ಕಡಿಮೆ. ಒಂದೊಂದು ಕಡೆ ಒಂದೊಂದು ಥರ. ಈ ಚಿತ್ರದಲ್ಲಿ ಎಲ್ಲ ತಪ್ಪೂ ಒಂದೇ ಥರ ಇದೆ. ಎಡ ಆಗಬೇಕಾದ್ದೆಲ್ಲ ಬಲ, ಬಲ ಆಗಬೇಕಾದ್ದೆಲ್ಲ ಎಡ. ಒಂದಾದ್ರೂ ತಪ್ಪಿಸಿಕೊಂಡಿಲ್ಲ. ಇಷ್ಟು ಒಗ್ಗಟ್ಟಾಗಿ ಯಾರೂ ಸುಳ್ಳು ಹೇಳಲ್ಲ ಸಾರ್.”

ಮೇಷ್ಟ್ರು ಕಂಪ್ಯೂಟರಿನ ಗುಂಡಿ ಒತ್ತಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿದರು. ಪೆನ್ನು ಬಲಗೈಗೆ ಬಂತು. ವಾಚು ಎಡಗೈಗೆ ಹೋಯಿತು. ಜೇಬು ಎದೆಯ ಎಡಭಾಗದಲ್ಲಿ ತೆಪ್ಪಗೆ ಕುಳಿತಿತು. ಕೊಳವೆ ತನ್ನ ಮನೆ ಸೇರಿತು.

ಹಿಂದಿನ ಬೆಂಚಿನಲ್ಲಿ ತಾತ ಮೊಣಕಾಲು ತಗುಲಿಸಿಕೊಂಡೇ ಎದ್ದರು. “ಸಂಪಾದಕರು,” ಎಂದರು. ಎಷ್ಟೋ ವರ್ಷಗಳಿಂದ ಮರೆತಿದ್ದ ಒಬ್ಬ ಮನುಷ್ಯ ಎದುರಿಗೆ ಬಂದು ನಿಂತ ದನಿ ಅದು. “ನಮ್ಮ ಸಂಪಾದಕರದೊಂದು ಕಟ್ಟುನಿಟ್ಟಿತ್ತು. ಚಿತ್ರದಲ್ಲಿರೋ ಮುಖ, ಪುಟದ ಒಳಗಡೆಗೆ ನೋಡಬೇಕು. ಹೊರಗಡೆ ನೋಡಿದ್ರೆ ಓದುಗನೂ ಅದರ ಹಿಂದೆಯೇ ಹೊರಗೆ ಹೋಗಿಬಿಡ್ತಾನೆ ಅಂತ. ಮಂತ್ರಿ ಆಗಲಿ, ಮದುಮಗ ಆಗಲಿ, ಹೊರಗೆ ನೋಡಿದವನನ್ನ ಅಚ್ಚಿನವರು ನೆಗೆಟಿವ್ ತಿರುವಿ ಒಳಗೆ ನೋಡಿಸೋರು. ಜಿರಾಫೆಗೂ ಅದೇ ಕಾನೂನು ಆಯ್ತು.”

“ಅಂದ್ರೆ ನಿಮ್ಮ ಕಾಲದಲ್ಲೂ ಚಿತ್ರ ತಿದ್ದುತಿದ್ರಿ,” ಎಂದರು ಮೇಷ್ಟ್ರು, ಬಹಳ ವಿನಯದಿಂದ.

“ತಿದ್ದೋದಲ್ಲ, ತಿರುವೋದು.”

“ಓದಿದವರಿಗೆ ಹೇಳಿದ್ರಾ?”

ತಾತ ಮತ್ತೆ ಬೆಂಚಿನ ಇಕ್ಕಟ್ಟಿಗೆ ಇಳಿದು ಕುಳಿತರು. ಮೇಷ್ಟ್ರು ಮಕ್ಕಳ ಕಡೆ ತಿರುಗಿ, “ಚಿತ್ರ ತಿರುವಿದ್ದು ಅಂತ ಗೊತ್ತಾಯ್ತು. ಅಷ್ಟರಿಂದಲೇ ಜಿರಾಫೆ ನಿಜ ಅಂತ ಆಗುತ್ತಾ?” ಎಂದರು. ಆಗುವುದಿಲ್ಲವೆಂದು ಮೊದಲು ಹೇಳಿದವಳು ಮೊಮ್ಮಗಳೇ. ತಾತನಿಗೆ ಆ ಕ್ಷಣ ಈ ಹುಡುಗಿ ಯಾವ ಪಕ್ಷದವಳೆಂದೇ ತಿಳಿಯದಾಯಿತು.

ಆಕೆ ಗುಮಾಸ್ತರ ಮುಂದೆ ಹೋಗಿ ನಿಂತಳು. “ಅಜ್ಜ, ಜಿರಾಫೆ ವಿಷಯ ಬಿಡಿ. ಆವತ್ತು ನಿಮ್ಮ ಮೇಜಿನ ಹತ್ತಿರ ಯಾರಾದ್ರೂ ಬಂದಿದ್ರಾ?”

“ಬರದೆ ಏನು? ದಿನವಿಡೀ ಬರೋರು.” ಗುಮಾಸ್ತರು ಕಣ್ಣು ಕಿರಿದು ಮಾಡಿದರು. “ಆವತ್ತು ಮಧ್ಯಾಹ್ನ ಒಬ್ಬ ಬಂದಿದ್ದ. ಚೆನ್ನಾಗಿ ನೆನಪಿದೆ, ಯಾಕಂದ್ರೆ ಬಾಯೇ ಬಿಡಲಿಲ್ಲ. ಉಳಿದೋರು ಸಾರ್ ಸಾರ್ ಅಂತ ಪ್ರಾಣ ತಿನ್ನೋರು. ಇವನು ಸುಮ್ನೆ ನಿಂತು ಉಸಿರು ಬಿಡ್ತಿದ್ದ. ಜೋರಾದ ಉಸಿರು, ಸೊಪ್ಪು ಸದೆ ಜಗಿದ ವಾಸನೆ. ನಾಳೆ ಬನ್ನಿ ಅಂದೆ. ಹೋದ.”

“ಎಷ್ಟು ಮರ್ಯಾದೆಯ ಮನುಷ್ಯ,” ಎಂದ ಒಬ್ಬ ಹುಡುಗ ಹಿಂದಿನಿಂದ.

“ಹೌದಪ್ಪ. ಒಂದೇ ಮಾತಿಗೆ ಹೋದವನು ಅವನೊಬ್ಬನೇ.”

“ಯಾವ ಕಡೆಯಿಂದ ಬಂದಿದ್ರು ಅವರು?” ಎಂದಳು ಮೊಮ್ಮಗಳು.

“ಕಿಟಕಿ ಕಡೆಯಿಂದ,” ಎಂದರು ಗುಮಾಸ್ತರು, ಸಲೀಸಾಗಿ.

ಈಗ ತಾನೇ ಎಲ್ಲರೂ ಕತ್ತು ನೋಯುವಷ್ಟು ಮೇಲೆ ನೋಡಿ ಬಂದ ಕಿಟಕಿ ಅದು. ಅದರ ಕೆಳಗೆ ನುಣ್ಣನೆಯ ಗೋಡೆಯಲ್ಲದೆ ನಿಲ್ಲಲು ಒಂದು ಹಂಚಿನಷ್ಟೂ ಜಾಗವಿರಲಿಲ್ಲ. ತಮ್ಮ ಮಾತು ತಮ್ಮ ಕಿವಿಗೇ ತಡವಾಗಿ ತಲುಪಿದಂತೆ ಗುಮಾಸ್ತರ ಮುಖ ನಿಧಾನವಾಗಿ ಬದಲಾಯಿತು.

“ಕಿಟಕಿ ಮೇಲೆ ಒಂದು ಕುಂಡ ಇಟ್ಟಿದ್ದೆ,” ಎಂದರು ಸಣ್ಣ ದನಿಯಲ್ಲಿ. “ಹಸಿರು ಬಳ್ಳಿ. ನಾನೇ ನೀರು ಹಾಕಿ ಬೆಳೆಸಿದ್ದು. ಆವತ್ತು ಸಂಜೆ ನೋಡಿದ್ರೆ ಒಂದೆಲೆ ಇರಲಿಲ್ಲ, ಬರೀ ಕಡ್ಡಿ. ಜವಾನನೇ ಕಿತ್ತಿದ್ದಾನೆ ಅಂತ ನಿವೃತ್ತಿ ಆಗೋವರೆಗೂ ಅವನ ಹತ್ತಿರ ನಾನು ಮಾತಾಡಲಿಲ್ಲ.”

ಮೇಷ್ಟ್ರು ಚಿತ್ರದ ಒಂದು ಮೂಲೆಯನ್ನು ಹಿಗ್ಗಿಸತೊಡಗಿದರು. ಕಿಟಕಿಯ ಅಂಚಿನಲ್ಲಿ, ಜಿರಾಫೆಯ ಕೊರಳಿನ ನೆರಳಿನಲ್ಲಿ, ಇಷ್ಟು ದಿನ ಯಾರೂ ಗಮನಿಸದ ಒಂದು ಗುಂಡನೆಯ ಕುಂಡ. ಅದರಲ್ಲಿ ಬರೀ ಕಡ್ಡಿ. ಒಂದೇ ಒಂದು ಎಲೆ ಮಾತ್ರ ಉಳಿದಿತ್ತು, ಅದೂ ಜಿರಾಫೆಯ ತುಟಿಯ ಅಂಚಿನಲ್ಲಿ.

ಗುಮಾಸ್ತರು ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ಚಿತ್ರದ ಕಡೆ ತಿರುಗಿದರು. “ಕಳ್ಳ ನೀನಾ,” ಎಂದರು ಜಿರಾಫೆಗೆ.

“ಕುಂಡ ಇರೋದು ಇವರಿಗೆ ಹೇಗೆ ಗೊತ್ತಿತ್ತು?” ಎಂದು ಮೇಷ್ಟ್ರು ತರಗತಿಯನ್ನು ಕೇಳಿದರು. “ಚಿತ್ರ ನೋಡಿ ಹೇಳಿದ್ರಾ?” ಇಲ್ಲವೆಂದು ಮಕ್ಕಳು ಒಕ್ಕೊರಲಿನಿಂದ ಕೂಗಿದರು. “ಫೋಟೋ ತಾತನಿಗೆ ಸಹಾಯ ಮಾಡೋಕೆ ಹೇಳಿದ್ರಾ?” ಈ ಸಲದ ನಗೆಗೆ ಗುಮಾಸ್ತರ ನಗೆಯೂ ಸೇರಿತು. ಸುದ್ದಿ ಮೇಷ್ಟ್ರು ಕೊಟ್ಟ ಮಾತಿನಂತೆ ತಾವೇ ಮೊದಲು ಕೈ ಎತ್ತಿದರು. ಹಿಂದೆಯೇ ಕೈಗಳ ಕಾಡು ಎದ್ದಿತು. ತಾತ ಆ ಕಾಡಿನಲ್ಲಿ ಒಂದೇ ಕೈಯನ್ನು ಹುಡುಕಿದರು. ಮೊಮ್ಮಗಳ ಕೈ ಇನ್ನೂ ಕೆಳಗೇ ಇತ್ತು.

“ಸಾರ್, ಬರೀ ನಿಜ ಅಂತ ಬರೆಯೋ ಹಾಗಿಲ್ಲ,” ಎಂದಳು ಆಕೆ. “ನಿಜ, ಆದ್ರೆ ತಿರುವಿದ್ದು. ಜಿರಾಫೆ ನಿಂತಿದ್ದ ಲಾರಿ ಚಿತ್ರದಲ್ಲಿ ಕಾಣ್ತಿಲ್ಲ, ಅದಕ್ಕೂ ಯಾರೂ ನಂಬಲಿಲ್ಲ. ಅದನ್ನೂ ಬರೀರಿ.” ಮೇಷ್ಟ್ರು ಅಷ್ಟನ್ನೂ ಬರೆದರು. ಆಗ ಆಕೆಯ ಕೈ ಮೇಲೆದ್ದಿತು, ಮೊಣಕೈ ಕಿವಿಗೆ ತಾಗುವಷ್ಟು ನೆಟ್ಟಗೆ.

ತಾತ ಆ ಮೂರು ಸಾಲುಗಳನ್ನು ಓದಿದರು. ಶುದ್ಧ ನಿಜ ಎಂಬ ಪದಕಕ್ಕೆ ಬಂದವರಿಗೆ ಷರತ್ತುಗಳಿರುವ ನಿಜ ದಕ್ಕಿತ್ತು. ಮೊದಲು ಸ್ವಲ್ಪ ಕಸಿವಿಸಿಯಾಯಿತು. ಆಮೇಲೆ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲವೆಂದುಕೊಂಡರು. ಪ್ರಮಾಣಿಸಿ ನೋಡಿದ ಮೇಲೂ ಉಳಿದ ಜಿರಾಫೆ, ಗೋಡೆಯ ಮೇಲೆ ನೇತುಬಿದ್ದಿದ್ದ ಜಿರಾಫೆಗಿಂತ ಒಂದು ಗೇಣು ಎತ್ತರವಾಗಿಯೇ ಕಂಡಿತು.

ಶಾಲೆ ಬಿಟ್ಟ ಮೇಲೆ ಮೂವರೂ ಒಂದೇ ಬದಿಯ ಕಾಲುದಾರಿಯಲ್ಲಿ ನಡೆದರು. ಗುಮಾಸ್ತರು, ಜವಾನ ಈಗ ಯಾವ ಬೀದಿಯಲ್ಲಿದ್ದಾನೆಂದು ವಿಚಾರಿಸಬೇಕೆಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. “ಹೋಗಿ ಏನು ಹೇಳ್ತೀರಿ?” ಎಂದು ತಾತ ಕೆಣಕಿದರು. “ಜಿರಾಫೆ ತಿಂತು ಅಂದ್ರೆ ಅವನು ನಂಬ್ತಾನಾ?”

“ನೀವೂ ಬನ್ರೀ ಸಾಕ್ಷಿಗೆ,” ಎಂದರು ಗುಮಾಸ್ತರು.

ಮೊಮ್ಮಗಳು ಇಬ್ಬರ ನಡುವೆ ನುಸುಳಿಕೊಂಡು ಬಂದು ತಾತನ ಕೈ ಹಿಡಿದಳು. ಊಟದ ತಟ್ಟೆ ಎದುರಿಗಿರಲಿಲ್ಲ, ಮಲಗುವ ಹೊತ್ತೂ ಆಗಿರಲಿಲ್ಲ.

“ಇನ್ನೊಂದು ಸಲ ಹೇಳು ತಾತ,” ಎಂದಳು. “ಮೊದಲಿಂದ. ಮಧ್ಯೆ ಮಧ್ಯೆ ನಾನು ಪ್ರಶ್ನೆ ಕೇಳ್ತೀನಿ.”